ಬ್ಲಾಕ್ ಹೀಟರಿನ ಕೆಂಪು ದೀಪ

ಐರ್ಲೆಂಡಿನ ಗಾಲ್ವೇ ಊರ ಹೊರಗಿನ ನಮ್ಮ ಡಿಪೋದಲ್ಲಿ ಮೂರು ಲಾರಿಗಳಿವೆ. ಎರಡು ಪ್ರತಿದಿನವೂ ಓಡುತ್ತವೆ. ಮೂರನೆಯದು ಮುದಿ ಲಾರಿ. ಉಳಿದೆರಡರಲ್ಲಿ ಒಂದು ಕೈಕೊಟ್ಟಾಗ ಮಾತ್ರ ಅದರ ನೆನಪಾಗುತ್ತದೆ, ಮಿಕ್ಕ ದಿನಗಳಲ್ಲಿ ಗೋಡೆಗೆ ಮೂತಿ ಹಾಕಿಕೊಂಡು ನಿಂತಿರುತ್ತದೆ. ನಾನು ಅಲ್ಲಿಯ ಮೆಕ್ಯಾನಿಕ್. ಹೋದ ಜನವರಿಯ ಒಂದು ಶುಕ್ರವಾರ ಆ ಮೂರನೆಯ ಲಾರಿ ಬೆಳಿಗ್ಗೆಯೇ ಹೊರಡಬೇಕಾಗಿತ್ತು, ಹೊತ್ತಿಗೆ ಹೊರಡಲಿಲ್ಲ. ಯಾಕೆ ಹೊರಡಲಿಲ್ಲ ಎಂಬುದು ಆ ಬೆಳಿಗ್ಗೆ ಏಳು ಗಂಟೆಗೇ ನನಗೆ ಗೊತ್ತಿತ್ತು. ಹೇಳುವುದಕ್ಕೆ ಮಾತ್ರ ಮಧ್ಯಾಹ್ನವಾಯಿತು.

ನಾವು ಸಾಗಿಸುವುದು ಆಸ್ಪತ್ರೆಯ ಸಾಮಾನು. ಅದರಲ್ಲೂ ಮನೆಯಲ್ಲೇ ಡಯಾಲಿಸಿಸ್ ಮಾಡಿಕೊಳ್ಳುವವರಿಗೆ ಬೇಕಾಗುವ ದ್ರವದ ಚೀಲಗಳು. ಒಂದೊಂದು ಪೆಟ್ಟಿಗೆಯೂ ಸಿಮೆಂಟಿನ ಇಟ್ಟಿಗೆಯಷ್ಟು ಭಾರ. ಒಬ್ಬೊಬ್ಬರ ಮನೆಗೆ ನಲವತ್ತು, ಐವತ್ತು ಪೆಟ್ಟಿಗೆ ಒಟ್ಟಿಗೇ ಹೋಗುತ್ತವೆ. ಹಿಂದೆ ಇಳಿಸುವ ಲಿಫ್ಟ್ ಇರುವ ಲಾರಿಯೇ ಬೇಕು, ನಮ್ಮ ಸಣ್ಣ ವ್ಯಾನುಗಳಲ್ಲಿ ಆಗುವ ಕೆಲಸವಲ್ಲ. ಆ ಚೀಲಗಳು ಹೆಪ್ಪುಗಟ್ಟಬಾರದು. ಹಾಗಾಗಿ ಎಂಜಿನ್ ಚಾಲೂ ಆಗಿ, ಲಾರಿಯ ಹಿಂಭಾಗಕ್ಕೆ ಕಾವು ಬಂದ ಮೇಲೆಯೇ ಸಾಮಾನು ಹೇರಬೇಕೆಂಬುದು ನಮ್ಮ ನಿಯಮ.

ಐರ್ಲೆಂಡಿನಲ್ಲಿ ಎಂಜಿನ್ನಿನ ನೀರು ಕಾಯಿಸುವ ಬ್ಲಾಕ್ ಹೀಟರ್ ಎಂದರೆ ಯಾರಿಗೂ ಗೊತ್ತಿಲ್ಲ. ಇಲ್ಲಿಯ ಚಳಿ ಒದ್ದೆ ಚಳಿ, ಮೂಳೆಗೆ ಇಳಿಯುತ್ತದೆಯೇ ಹೊರತು ಎಂಜಿನ್ನಿಗೆ ಅಷ್ಟು ತೊಂದರೆ ಕೊಡುವುದಿಲ್ಲ. ಆದರೆ ನಮ್ಮ ಯಾರ್ಡ್ ತಗ್ಗಿನಲ್ಲಿದೆ. ಸುತ್ತಲ ಗದ್ದೆಗಳ ಚಳಿಯೆಲ್ಲ ಇಳಿದು ಬಂದು ಅಲ್ಲೇ ಕೂರುತ್ತದೆ. ಹಿಂದಿನ ವರ್ಷ ಎರಡು ಸಲ ಆ ಮುದಿ ಲಾರಿ ಜಪ್ಪಯ್ಯ ಎಂದರೂ ಸ್ಟಾರ್ಟ್ ಆಗಿರಲಿಲ್ಲ. ಹೊಸದು ಬರುವ ತನಕ ಇದನ್ನೇ ಹೇಗಾದರೂ ಬದುಕಿಸು ಎಂದು ಮ್ಯಾನೇಜರ್ ಹೇಳಿದ್ದಕ್ಕೆ ನವೆಂಬರಿನಲ್ಲಿ ನಾನೇ ಅದಕ್ಕೆ ಹೀಟರ್ ಕೂರಿಸಿದೆ.

ಕೆಲಸ ಕಷ್ಟದ್ದಲ್ಲ, ತಾಳ್ಮೆಯದು. ಮೊದಲು ರೇಡಿಯೇಟರಿನ ಕೂಲಂಟ್ ನೀರು ಪೂರ್ತಿ ಇಳಿಸಬೇಕು. ಎಂಜಿನ್ ಬ್ಲಾಕಿನ ಪಕ್ಕದಲ್ಲಿ ತಗಡಿನ ಮುಚ್ಚಳದ ಹಾಗೆ ಒಂದು ಪ್ಲಗ್ ಇರುತ್ತದೆ. ಅದರ ಒಂದು ಅಂಚಿಗೆ ಉಳಿ ಇಟ್ಟು ಮೆಲ್ಲಗೆ ಹೊಡೆದರೆ ಅದು ಅಡ್ಡ ತಿರುಗುತ್ತದೆ, ಇಕ್ಕಳದಲ್ಲಿ ಹಿಡಿದು ಎಳೆಯಬೇಕು. ಜೋರಾಗಿ ಹೊಡೆದರೆ ಒಳಗೇ ಬೀಳುತ್ತದೆ, ಆಮೇಲೆ ದೇವರೇ ಗತಿ. ಆ ತೂತಿನ ಅಂಚನ್ನು ಎಮರಿ ಕಾಗದದಿಂದ ಉಜ್ಜಿ, ಹೀಟರಿನ ರಬ್ಬರ್ ರಿಂಗಿಗೆ ಗ್ರೀಸ್ ಸವರಿ ಕೂರಿಸಿ, ನಡುವಿನ ಸ್ಕ್ರೂ ಬಿಗಿ ಮಾಡಬೇಕು. ಮತ್ತೆ ಕೂಲಂಟ್ ತುಂಬಬೇಕು. ಮೇಲಿನ ಹೋಸ್ ಸಡಿಲಿಸಿ, ಒಂದು ಗುಳ್ಳೆಯೂ ಬಾರದ ತನಕ ಗಾಳಿ ತೆಗೆಯಬೇಕು. ಒಳಗೆ ಗಾಳಿ ಉಳಿದು ಹೀಟರಿನ ಕಡ್ಡಿ ಒಣಗಿದ್ದಾಗ ಕರೆಂಟ್ ಕೊಟ್ಟರೆ ನಿಮಿಷದೊಳಗೆ ಸುಟ್ಟುಹೋಗುತ್ತದೆ.

ಇದನ್ನು ನನಗೆ ಯಾವ ಕೈಪಿಡಿಯೂ ಹೇಳಿಕೊಡಬೇಕಾಗಿರಲಿಲ್ಲ. ಹುಬ್ಬಳ್ಳಿಯ ನಮ್ಮ ಮನೆಯಲ್ಲಿ ಬಕೆಟ್ಟಿಗೆ ಹಾಕುವ ಇಮ್ಮರ್ಷನ್ ರಾಡ್ ಇತ್ತು. ನನ್ನನ್ನು ಸಾಕಿದ್ದು ಅಕ್ಕ. ನಾವು ಆಪಾ ಎನ್ನುತ್ತೇವೆ. ಅವಳ ಕಾನೂನು ಎರಡೇ. ಮೊದಲು ರಾಡ್ ನೀರಿಗೆ, ಆಮೇಲೆ ಸ್ವಿಚ್. ಮೊದಲು ಸ್ವಿಚ್ ಬಂದ್, ಆಮೇಲೆ ರಾಡ್ ಹೊರಗೆ. ಒಮ್ಮೆ ಅವಳಿಗೇ ಕರೆಂಟ್ ಹೊಡೆದು ಮೊಣಕೈ ತನಕ ಕಪ್ಪಾಗಿತ್ತು. ಅಂದಿನಿಂದ ಮನೆ ಬಿಟ್ಟು ಹೊರಡುವಾಗ ಒಂದೊಂದು ಸ್ವಿಚ್ಚನ್ನೂ ಬೆರಳಿನಿಂದ ಮುಟ್ಟಿ ನೋಡದೆ ಬೀಗ ಹಾಕುತ್ತಿರಲಿಲ್ಲ. ಮನೆಯಲ್ಲಿ ನಾವು ಆಡುವ ಮಾತು ಬೇರೆ, ಆದರೆ ಆಪಾ ಅಂಗನವಾಡಿಯಲ್ಲಿ ಕೆಲಸ ಮಾಡಿದವಳು, ಗದರಿಸಬೇಕಾದರೆ ಕನ್ನಡಕ್ಕೇ ಬರುತ್ತಿದ್ದಳು. "ಸ್ವಿಚ್ ಬಂದ್ ಮಾಡಿದೇನೋ?" ಎಂದು ಬಾಗಿಲಲ್ಲಿ ನಿಂತು ಕೇಳುವುದು, ನಾನು ಮಾಡಿದ್ದರೂ ಮತ್ತೆ ಒಳಗೆ ಕಳಿಸುವುದು. ನಲವತ್ತು ದಾಟಿದ ಮೇಲೂ ಯಾವ ಕೋಣೆ ಬಿಡುವಾಗಲೂ ನನ್ನ ಕೈ ತಾನಾಗಿ ಗೋಡೆಗೆ ಹೋಗುತ್ತದೆ.

ಹೀಟರಿಗೆ ಕರೆಂಟ್ ಶೆಡ್ಡಿನ ಗೋಡೆಯಿಂದ. ಮೇಲೆ ಒಂದು ಸ್ವಿಚ್, ಅದು ಚಾಲೂ ಇದ್ದರೆ ಪಕ್ಕದಲ್ಲಿ ಕೆಂಪು ದೀಪ. ಕೆಳಗೆ ಮುಳ್ಳು ತಿರುಗುವ ಹಳೆಯ ಬಗೆಯ ಟೈಮರ್, ಬೆಳಗಿನ ಜಾವ ಮೂರಕ್ಕೆ ತಾನೇ ಹೀಟರಿಗೆ ಕರೆಂಟ್ ಬಿಡುತ್ತದೆ. ಮೇಲಿನ ಸ್ವಿಚ್ ಆರಿಸಿದರೆ ಅದರ ಮುಳ್ಳೂ ಅಲ್ಲೇ ನಿಲ್ಲುತ್ತದೆ. ಸಂಜೆ ಹೊರಡುವಾಗ ಲಾರಿಗೆ ಕೇಬಲ್ ಸಿಕ್ಕಿಸುವುದು, ಕೆಂಪು ದೀಪ ನೋಡುವುದು, ಪುಸ್ತಕದಲ್ಲಿ ಸಹಿ ಹಾಕುವುದು ಡ್ರೈವರಿನ ಕೆಲಸ. ಬೆಳಿಗ್ಗೆ ಏಳಕ್ಕೆ ಎಂಜಿನ್ ಮುಟ್ಟಿದರೆ ಬೆಚ್ಚಗಿರುತ್ತದೆ. ಡಿಸೆಂಬರ್ ಪೂರ್ತಿ ಆ ಮುದಿ ಲಾರಿ ಒಂದೇ ಸಲದ ಸೆಲ್ಫ್ ಹೊಡೆತಕ್ಕೆ ಎದ್ದಿತು. ನನಗೆ ಸ್ವಲ್ಪ ಜಂಬವೇ ಬಂದಿತ್ತು.

ಆ ವಾರದ ಸೋಮವಾರ ಬೆಳಿಗ್ಗೆ ಎಂಟಕ್ಕೆ ಆಪಾಳ ಮಗ ಫೋನ್ ಮಾಡಿದ. ನಸುಕಿನಲ್ಲಿ ನಮಾಜಿಗೆ ಎದ್ದವಳು ಅಲ್ಲೇ ಒರಗಿದ್ದಳಂತೆ. ನಮ್ಮಲ್ಲಿ ಮಣ್ಣು ಅದೇ ದಿನ ಆಗಬೇಕು, ವಿಮಾನಕ್ಕೆ ಕಾಯುವುದಿಲ್ಲ. ಇಲ್ಲಿಯ ಹನ್ನೊಂದು ಗಂಟೆಗೆ ನಾನು ಮೂರನೆಯ ಲಾರಿಯ ಕ್ಯಾಬಿನ್ನಿನಲ್ಲಿ ಬಾಗಿಲು ಹಾಕಿಕೊಂಡು ಕೂತು ಅದನ್ನು ಫೋನಿನಲ್ಲಿ ನೋಡಿದೆ. ಡಿಪೋದಲ್ಲಿ ಅದೊಂದೇ ಸದ್ದಿಲ್ಲದ ಜಾಗ. ಚಿತ್ರ ನಿಂತು ನಿಂತು ಬರುತ್ತಿತ್ತು. ಜನರ ಕಾಲುಗಳು ಕಂಡವು, ಕೆಂಪು ಮಣ್ಣು ಕಂಡಿತು. ನನ್ನ ಹೆಸರಿನಲ್ಲೂ ಆಪಾಳ ಮಗನೇ ಮೂರು ಹಿಡಿ ಮಣ್ಣು ಹಾಕಿದ. ಹನ್ನೊಂದೂ ಮುಕ್ಕಾಲಿಗೆ ಕೆಳಗಿಳಿದು ಒಂದು ವ್ಯಾನಿನ ಬ್ರೇಕ್ ಪ್ಯಾಡ್ ಬದಲಿಸಿದೆ.

ಅಳು ಬರಲಿಲ್ಲ. ಏನೂ ಬರಲಿಲ್ಲ. ಮ್ಯಾನೇಜರ್ ಇಲ್ಲಿಯವರ ಪದ್ಧತಿಯಂತೆ ಬಂದು ಕೈ ಕುಲುಕಿ, "ನಿನ್ನ ದುಃಖಕ್ಕೆ ಬೇಜಾರಾಯ್ತು. ಮನೆಗೆ ಹೋಗು, ಎರಡು ದಿನ ಇರು" ಎಂದ. ನಾನು "ಗ್ರ್ಯಾಂಡ್, ಐ ಆಮ್ ಗ್ರ್ಯಾಂಡ್" ಎಂದೆ, ಚೆನ್ನಾಗೇ ಇದ್ದೇನೆ ಎನ್ನುವ ಅರ್ಥದಲ್ಲಿ. ಈ ದೇಶದಲ್ಲಿ ಇದು ಬಹಳ ಉಪಕಾರದ ಮಾತು, ಇದನ್ನು ಹೇಳಿದರೆ ಯಾರೂ ಮುಂದೆ ಕೇಳುವುದಿಲ್ಲ. ಆ ವಾರ ನಾನು ಅದನ್ನು ಎಷ್ಟು ಸಲ ಹೇಳಿದೆನೋ.

ಬುಧವಾರ ದೊಡ್ಡ ಲಾರಿಯೊಂದರ ಗೇರ್ ಬಾಕ್ಸ್ ಹೋಯಿತು. ಗುರುವಾರ ಮಧ್ಯಾಹ್ನ ಮ್ಯಾನೇಜರ್ ಮೂರನೆಯ ಲಾರಿಯ ಡ್ರೈವರನ್ನೂ ನನ್ನನ್ನೂ ಕರೆದ. ಡ್ರೈವರ್ ನಮ್ಮವರೇ, ತುಮಕೂರು ಕಡೆಯವರು, ನನಗಿಂತ ಹತ್ತು ವರ್ಷ ದೊಡ್ಡವರು. ನಾನು ಅವರಿಗೆ ಅಣ್ಣಾ ಎನ್ನುತ್ತೇನೆ, ಅವರು ನನಗೆ ಭಾಯ್ ಎನ್ನುತ್ತಾರೆ. ಕಾನಮಾರಾ ಎಂಬ ಬೆಟ್ಟಸೀಮೆಯ ಕಡಲಂಚಿನಲ್ಲಿ ಒಂಟಿಯಾಗಿರುವ ಒಬ್ಬ ಮುದುಕಿಗೆ ಆ ವಾರ ಹೋಗಬೇಕಾದ ಪೆಟ್ಟಿಗೆಗಳು ದಾರಿಯ ಮಂಜುಗಡ್ಡೆಯಿಂದಾಗಿ ಎರಡು ಸಲ ಮುಂದಕ್ಕೆ ಹೋಗಿದ್ದವು. ಶುಕ್ರವಾರ ರಾತ್ರಿಯ ಡಯಾಲಿಸಿಸ್ಸಿಗೆ ಅವರ ಹತ್ತಿರ ಸಾಕಾಗುವಷ್ಟು ಸಾಮಾನಿರಲಿಲ್ಲ. ಶುಕ್ರವಾರ ಮಧ್ಯಾಹ್ನ ಎರಡರ ಹೊತ್ತಿಗೆ ಹಿಮ ಶುರುವಾಗುತ್ತದೆ, ಆ ಮೇಲೆ ಆ ರಸ್ತೆ ಯಾವಾಗ ತೆರೆಯುತ್ತದೋ ಹೇಳಲಾಗದು ಎಂದು ಹವಾಮಾನದವರು ಹೇಳಿದ್ದರು.

"ಬೆಳಿಗ್ಗೆ ಏಳೂವರೆಗೆ ಗೇಟ್ ದಾಟಿರಬೇಕು," ಎಂದ ಮ್ಯಾನೇಜರ್. "ಆ ಹೀಟರ್ ಒಂದು ಮರೀಬೇಡಿ."

ಅಣ್ಣ ಐದು ಗಂಟೆಗೆ ಕೇಬಲ್ ಸಿಕ್ಕಿಸಿ, ಸಹಿ ಹಾಕಿ ಹೋದರು. ನಾನು ಕೊನೆಯವನಾಗಿ ಶೆಡ್ ಮುಚ್ಚಿದೆ. ಕಂಪ್ರೆಸರ್, ದೀಪ, ಬೆಂಚಿನ ಪ್ಲಗ್ಗುಗಳು. ಎಲ್ಲವನ್ನೂ ಆರಿಸಿ ಬಾಗಿಲು ಎಳೆದುಕೊಂಡು ಹೋದದ್ದಷ್ಟೇ ನನಗೆ ನೆನಪು.

ಶುಕ್ರವಾರ ಬೆಳಿಗ್ಗೆ ನಾನು ಬಂದಾಗ ಯಾರ್ಡಿನ ಮಾಪಕ ಸೊನ್ನೆಯ ಕೆಳಗೆ ಎಂಟು ತೋರಿಸುತ್ತಿತ್ತು. ಅಣ್ಣ ಆಗಲೇ ಸೆಲ್ಫ್ ಹೊಡೆಯುತ್ತಿದ್ದರು. ಆ ಸದ್ದು ಗೇಟಿನಲ್ಲೇ ಕೇಳಿತು. ಒಂದೊಂದೇ ಉಸಿರು ಎಳೆದ ಹಾಗೆ ಎರಡು ಸುತ್ತು, ಆಮೇಲೆ ಟಿಕ್ ಎಂಬ ಸದ್ದು ಮಾತ್ರ. ನಾನು ಬಾನೆಟ್ ಕೆಳಗೆ ಕೈ ಹಾಕಿ ಬ್ಲಾಕ್ ಮುಟ್ಟಿದೆ. ಬೆರಳಿನ ಚರ್ಮ ಕಬ್ಬಿಣಕ್ಕೆ ಅಂಟಿಕೊಂಡಿತು. ಶೆಡ್ಡಿಗೆ ಹೋದೆ. ಕೆಂಪು ದೀಪ ಇರಲಿಲ್ಲ. ಕೆಳಗಿನ ಟೈಮರಿನ ಮುಳ್ಳು ಹಿಂದಿನ ಸಂಜೆಯ ಐದೂ ನಲವತ್ತಕ್ಕೆ ನಿಂತಿತ್ತು.

ಐದೂ ನಲವತ್ತಕ್ಕೆ ಆ ಶೆಡ್ಡಿನಲ್ಲಿ ಇದ್ದವನು ನಾನೊಬ್ಬನೇ.

ಸ್ವಿಚ್ ಹಾಕಿದೆ. ಮುಳ್ಳನ್ನು ಬೆರಳಿನಿಂದ ತಿರುಗಿಸಿ ಸರಿಯಾದ ಹೊತ್ತಿಗೆ ತಂದೆ. ಹಾಗೆ ತಿರುಗಿಸುವಾಗ ಗುರುತು ಅಳಿಸುತ್ತಿದ್ದೇನೆ ಎಂಬುದೂ ನನಗೆ ಗೊತ್ತಿತ್ತು. ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ಭಯವೂ ಆಗಲಿಲ್ಲ. ಹೀಟರ್ ಹಿಡಿಯಿತೋ ಇಲ್ಲವೋ ಎಂದು ಹೋಗಿ ಬ್ಲಾಕಿಗೆ ಕಿವಿ ಕೊಟ್ಟೆ. ಒಳಗೆ ನೀರು ಸಣ್ಣಗೆ ಸಿಮಿಸಿಮಿ ಎನ್ನತೊಡಗಿತ್ತು.

ಅಷ್ಟರಲ್ಲಿ ಮ್ಯಾನೇಜರ್ ಬಂದ. ಪುಸ್ತಕ ತೆರೆದು ಅಣ್ಣನಿಗೆ ತೋರಿಸಿದ. ಅವನು ಕೂಗುವವನಲ್ಲ, ಕೂಗಿದ್ದರೆ ಚೆನ್ನಾಗಿತ್ತು. "ಇಲ್ಲಿ ನಿನ್ನ ಸಹಿ ಇದೆ. ಅಲ್ಲಿ ಎಂಜಿನ್ ಕಲ್ಲಾಗಿದೆ. ನಾನು ಏನಂತ ತಿಳ್ಕೊಳ್ಳಲಿ?"

"ಐದು ಗಂಟೆಗೆ ನಾನೇ ಹಾಕಿದ್ದು. ಲೈಟ್ ಉರೀತಿತ್ತು," ಎಂದರು ಅಣ್ಣ ತಮ್ಮ ಇಂಗ್ಲಿಷಿನಲ್ಲಿ.

"ಹಾಗಾದ್ರೆ ದೆವ್ವ ಬಂದು ಆರಿಸ್ತಾ?"

ಅಣ್ಣ ನನ್ನ ಕಡೆ ಒಮ್ಮೆ ನೋಡಿದರು. ನಾನು ಬ್ಯಾಟರಿಯ ಟರ್ಮಿನಲ್ ಉಜ್ಜುತ್ತಿದ್ದೆ. ಆಮೇಲೆ ಪುಸ್ತಕ ಮುಚ್ಚಿಟ್ಟರು. ನಾನು ತಲೆ ಎತ್ತದೆ ಉಜ್ಜುತ್ತಲೇ ಇದ್ದೆ.

ಮ್ಯಾನೇಜರ್ ಆಫೀಸಿನಿಂದ ಈಥರ್ ಸ್ಪ್ರೇ ಡಬ್ಬಿ ತಂದ. ಗಾಳಿ ಎಳೆಯುವ ಕೊಳವೆಗೆ ಅದನ್ನು ಹೊಡೆದು ಸೆಲ್ಫ್ ಹೊಡೆದರೆ ಎಂಥ ಎಂಜಿನ್ನೂ ಒದ್ದುಕೊಂಡು ಏಳುತ್ತದೆ. ಆದರೆ ಈ ಎಂಜಿನ್ನಿನ ಕೊಳವೆಯೊಳಗೆ ಗಾಳಿ ಕಾಯಿಸುವ ಕಾಯಿಲ್ ಇದೆ, ಕೀ ತಿರುಗಿಸಿದ ಕೂಡಲೇ ಅದು ಕೆಂಪಗಾಗುತ್ತದೆ. ಅದರ ಮೇಲೆ ಈಥರ್ ಬಿದ್ದರೆ ಕೊಳವೆಯೇ ಸಿಡಿಯುತ್ತದೆ. ಕಾಯಿಲಿನ ವೈರ್ ಬಿಚ್ಚಿ ಹೊಡೆಯಬಹುದು, ಆದರೆ ಎಣ್ಣೆ ಹೆಪ್ಪಾಗಿರುವ ಮುದಿ ಎಂಜಿನ್ನನ್ನು ಹಾಗೆ ಒದ್ದು ಎಬ್ಬಿಸಿದರೆ ಬೇರಿಂಗ್ ಉಳಿಯುವುದು ಅನುಮಾನ. ಓಡುವ ಇನ್ನೊಂದು ಲಾರಿ ನಸುಕಿನಲ್ಲೇ ಬೇರೆ ದಾರಿಗೆ ಹೊರಟುಹೋಗಿತ್ತು. ಇದು ಮುರಿದರೆ ಮುದುಕಿಯ ಪೆಟ್ಟಿಗೆಗಳು ಇಲ್ಲೇ ಉಳಿಯುತ್ತವೆ.

"ಎರಡು ಗಂಟೆ ಕೊಡಿ. ನೀರು ಕಾಯಲಿ," ಎಂದೆ.

"ಹಿಮ ಎರಡು ಗಂಟೆ ಕಾಯಲ್ಲ."

"ಸ್ಪ್ರೇ ಹೊಡೀಬೇಕಾದ್ರೆ ನೀವೇ ಹೊಡೀರಿ. ನಾನು ಮುಟ್ಟಲ್ಲ."

ಅವನು ನನ್ನ ಮುಖ ನೋಡಿದ. ಡಬ್ಬಿಯನ್ನು ಬೆಂಚಿನ ಮೇಲಿಟ್ಟು ಮುದುಕಿಗೆ ಫೋನ್ ಮಾಡಲು ಹೋದ.

ಆ ಎರಡು ಗಂಟೆ ನಾವು ಸುಮ್ಮನೆ ಕೂರಲಿಲ್ಲ. ಬ್ಯಾಟರಿಗಳನ್ನು ಬಿಚ್ಚಿ ಒಳಗೆ ತಂದು ಚಾರ್ಜಿಗೆ ಹಾಕಿದೆ. ರೇಡಿಯೇಟರಿನ ಮುಂದೆ ರಟ್ಟು ಕಟ್ಟಿದೆ. ಬಾನೆಟ್ ಮೇಲೆ ಹಳೆಯ ಕಂಬಳಿ ಹೊದಿಸಿದೆವು. ಹದಿನೈದು ನಿಮಿಷಕ್ಕೊಮ್ಮೆ ಬ್ಲಾಕ್ ಮುಟ್ಟಿ ನೋಡುತ್ತಿದ್ದೆ. ಮೊದಲು ಹೀಟರಿನ ಸುತ್ತ ಒಂದಂಗುಲ, ಆಮೇಲೆ ಅಂಗೈಯಗಲ, ಒಂಬತ್ತರ ಹೊತ್ತಿಗೆ ಮೇಲಿನ ಹೋಸ್ ತನಕ ಕಾವು ಏರಿತ್ತು. ನನ್ನ ಬೆರಳುಗಳು ಮರಗಟ್ಟಿದ್ದರಿಂದ ಕಾವು ತಿಳಿಯದೆ, ಕೆನ್ನೆ ಇಟ್ಟು ನೋಡಬೇಕಾಯಿತು.

ಒಂಬತ್ತೂ ಹತ್ತಕ್ಕೆ ಅಣ್ಣ ಕೀ ತಿರುಗಿಸಿದರು. ಮೂರು ಸುತ್ತು ಎಳೆದು, ಬಿಳಿ ಹೊಗೆ ಉಗುಳಿ, ಎದ್ದಿತು. ಲಾರಿಯ ಹಿಂಭಾಗಕ್ಕೆ ಕಾವು ಬಂದ ಮೇಲೆ ನಲವತ್ತು ಪೆಟ್ಟಿಗೆ ಹೇರಿದೆವು. ಲಾರಿ ಗೇಟಿನ ತನಕ ಹೋಗಿ, ಎರಡು ಸಲ ಕೆಮ್ಮಿ ನಿಂತುಬಿಟ್ಟಿತು.

ಅಣ್ಣ ಕೆಳಗಿಳಿದು ಡೀಸೆಲ್ ಟ್ಯಾಂಕಿನ ಮೇಲೆ ಕೈಯಿಟ್ಟರು. "ಭಾಯ್, ಇದ್ರಲ್ಲಿ ಡೀಸೆಲ್ ಯಾವಾಗ ಹಾಕ್ಸಿದ್ದು?"

ಆಗಸ್ಟಿನಲ್ಲಿ. ನನಗೆ ಆಗ ಹೊಳೆಯಿತು. ಬೇಸಿಗೆಯ ಡೀಸೆಲ್ಲಿನಲ್ಲಿ ಮೇಣ ಜಾಸ್ತಿ, ಈ ಚಳಿಗೆ ಅದು ಕಟ್ಟಿಕೊಳ್ಳುತ್ತದೆ. ಹೀಟರ್ ಎಂಜಿನ್ನಿನ ನೀರು ಕಾಯಿಸುತ್ತದೆ, ಟ್ಯಾಂಕಿನ ಡೀಸೆಲ್ ಕಾಯಿಸುವುದಿಲ್ಲ. ಡಿಸೆಂಬರಿನಲ್ಲಿ ಇಷ್ಟು ಚಳಿ ಬಿದ್ದಿರಲಿಲ್ಲ, ಯಾರ್ಡ್ ಬಿಟ್ಟು ದೂರ ಹೋಗಿಯೂ ಇರಲಿಲ್ಲ, ಹಾಗಾಗಿ ಬಚಾವಾಗಿದ್ದೆವು. ಫಿಲ್ಟರ್ ಬಿಚ್ಚಿದರೆ ಒಳಗೆ ಡಾಲ್ಡಾದಂಥ ಬಿಳಿ ಮುದ್ದೆ.

"ಹಿಮಾಚಲಕ್ಕೆ ಸೇಬಿನ ಲೋಡಿಗೆ ಹೋದಾಗ ಟ್ಯಾಂಕ್ ಕೆಳಗೆ ಸೀಮೆಎಣ್ಣೆ ಸ್ಟೌ ಇಡ್ತಿದ್ವಿ," ಎಂದರು ಅಣ್ಣ. "ಇಲ್ಲಿ ಇಟ್ರೆ ಜೈಲಿಗೆ ಹಾಕ್ತಾರೆ."

ಆಫೀಸಿನ ಕೆಟಲ್ಲಿನಲ್ಲಿ ನೀರು ಕಾಯಿಸಿದೆವು. ಫಿಲ್ಟರಿನ ಹೊರಕವಚಕ್ಕೂ ಡೀಸೆಲ್ ಪೈಪಿಗೂ ಬಟ್ಟೆ ಸುತ್ತಿ, ಅದರ ಮೇಲೆ ಬಿಸಿನೀರು ಹೊಯ್ದೆ. ಟ್ಯಾಂಕಿನ ಹಳೆಯ ಡೀಸೆಲ್ಲನ್ನು ಆದಷ್ಟು ಇಳಿಸಿ ಚಳಿಗಾಲದ್ದನ್ನು ತುಂಬಿದೆವು. ಹೊಸ ಫಿಲ್ಟರಿಗೆ ಬೆಚ್ಚಗಿನ ಡೀಸೆಲ್ ತುಂಬಿಸಿ ಕೂರಿಸಿ, ಕೈ ಪಂಪ್ ಒತ್ತಿ ಒತ್ತಿ ಏರ್ ತೆಗೆದೆ. ಮ್ಯಾನೇಜರ್ ತನ್ನ ಬೆನ್ನುನೋವಿಗೆ ಇಟ್ಟುಕೊಂಡಿದ್ದ ಬಿಸಿನೀರಿನ ರಬ್ಬರ್ ಚೀಲ ತಂದುಕೊಟ್ಟ. ಅದನ್ನು ಫಿಲ್ಟರಿಗೆ ಒತ್ತಿ ಹಗ್ಗದಿಂದ ಕಟ್ಟಿದೆ. ಅದರ ಉಣ್ಣೆಯ ಗವಸಿನ ಮೇಲೆ ಕುರಿಮರಿಯ ಚಿತ್ರವಿತ್ತು. ಬೇರೆ ದಿನವಾಗಿದ್ದರೆ ಮೂವರೂ ನಗುತ್ತಿದ್ದೆವು.

ಹತ್ತೂ ಮುಕ್ಕಾಲಿಗೆ ಎಂಜಿನ್ ಮತ್ತೆ ಎದ್ದು ನಿಲ್ಲದೆ ಓಡಿತು. ಅಣ್ಣ ಒಬ್ಬರೇ ಹೊರಟಿದ್ದರು. ನಾನು ಇನ್ನೊಂದು ಫಿಲ್ಟರ್, ಸ್ಪ್ಯಾನರ್, ಕೆಟಲ್ಲಿನ ನೀರು ತುಂಬಿದ ಎರಡು ಫ್ಲಾಸ್ಕ್ ಹಿಡಿದು ಪಕ್ಕದ ಸೀಟಿಗೆ ಹತ್ತಿದೆ.

"ಇಲ್ಲಿ ಎರಡು ವ್ಯಾನ್ ಬಿಚ್ಚಿ ಇಟ್ಟಿದ್ದೀಯಲ್ಲ?" ಎಂದ ಮ್ಯಾನೇಜರ್.

"ಅವು ಸೋಮವಾರ ಆಗ್ತವೆ. ಇದು ನಡುದಾರೀಲಿ ನಿಂತ್ರೆ ಅಲ್ಲಿ ಯಾರಿದ್ದಾರೆ?" ಎಂದೆ. ನಿಜವಾದ ಕಾರಣ ಅದಾಗಿರಲಿಲ್ಲ. ನಾನು ಕೆಡಿಸಿದ ಕೆಲಸಕ್ಕೆ ಅಣ್ಣನನ್ನು ಒಬ್ಬರನ್ನೇ ಆ ಮಂಜಿಗೆ ಕಳಿಸಲು ನನ್ನಿಂದ ಆಗಲಿಲ್ಲ. ಆ ವಾರ ನಾನು ಗಟ್ಟಿಯಾಗಿ ತೀರ್ಮಾನಿಸಿದ್ದು ಅದೊಂದೇ.

ದಾರಿಯಲ್ಲಿ ಬೆಟ್ಟಗಳೂ ಕೆರೆಗಳೂ ಬಿಳಿಚಿಕೊಂಡಿದ್ದವು. ಅಣ್ಣ ಎತ್ತಿನಗಾಡಿಯ ವೇಗದಲ್ಲಿ ಬ್ರೇಕ್ ಮುಟ್ಟದೆ ಗೇರಿನಲ್ಲೇ ಇಳಿಸುತ್ತಿದ್ದರು. ಎರಡು ಕಡೆ ಎಂಜಿನ್ ಚಾಲೂ ಇಟ್ಟೇ ನಿಲ್ಲಿಸಿದೆವು, ಫಿಲ್ಟರಿಗೆ ಕಟ್ಟಿದ ಚೀಲದ ನೀರು ಬದಲಿಸಿದೆ. ಎರಡು ಸಲವೂ ಹೇಳಿಬಿಡಬೇಕೆಂದು ಬಾಯಿ ತೆರೆದು, ಡೀಸೆಲ್ ಬಗ್ಗೆ ಏನೋ ಹೇಳಿ ಮುಚ್ಚಿದೆ. ಅಣ್ಣ ತಮ್ಮ ಮಗಳ ಸುದ್ದಿ ಹೇಳಿದರು. "ನಾನು ಕನ್ನಡದಾಗೆ ಬೈತೀನಿ, ಅವಳು ಇಂಗ್ಲಿಷ್‌ನಾಗೆ ಸಾರಿ ಕೇಳ್ತಾಳೆ ಭಾಯ್. ಬೈದಂಗೂ ಆಗಲ್ಲ, ಸಾರಿ ಕೇಳ್ದಂಗೂ ಆಗಲ್ಲ."

ಒಂದೂ ಕಾಲಿಗೆ ಮುದುಕಿಯ ಮನೆ ಮುಟ್ಟಿದೆವು. ಕಡಲಿಗೆ ಬೆನ್ನು ಮಾಡಿದ ಸಣ್ಣ ಮನೆ. ಅವರು ಬಾಗಿಲು ತೆರೆದುಕೊಂಡೇ ನಿಂತಿದ್ದರು, ಎಂಬತ್ತರ ಹತ್ತಿರದ ಕಡ್ಡಿಯಂಥ ಜೀವ. ಎಂಜಿನ್ ನಿಲ್ಲಿಸದೆ, ಕೈಗಾಡಿಯಲ್ಲಿ ಎರಡೆರಡೇ ಪೆಟ್ಟಿಗೆ ಒಳಗೆ ಸಾಗಿಸಿದೆವು. ಯಾವುದು ಮುಂದೆ, ಯಾವುದು ಹಿಂದೆ ಎಂದು ಅವರು ಕೋಲಿನಿಂದ ತೋರಿಸುತ್ತ ನಿಂತರು. ಕೋಣೆಯ ಮೂಲೆಯಲ್ಲಿ ಅವರ ಮೆಷಿನ್, ಅದರ ಮೇಲೆ ಮಡಿಸಿಟ್ಟ ಬಿಳಿ ಬಟ್ಟೆ. ಹಳೆಯ ರಾಶಿಯಲ್ಲಿ ಉಳಿದಿದ್ದದ್ದು ಒಂದೇ ಒಂದು ಪೆಟ್ಟಿಗೆ, ಒಂದು ರಾತ್ರಿಗೆ ಅದು ಸಾಲದು.

"ನೀವು ಬರ್ದೇ ಇದ್ರೆ ಹೆಲಿಕಾಪ್ಟರ್ ಕಳಿಸ್ತೀವಿ ಅಂದ್ರು ಆಸ್ಪತ್ರೆಯೋರು," ಎಂದರು. "ಏಣಿ ಹತ್ತಕ್ಕೇ ಹೆದರೋಳು ನಾನು. ಹೆಲಿಕಾಪ್ಟರ್ ಹತ್ತೋದಕ್ಕಿಂತ ಮನೇಲೇ ಸಾಯ್ತೀನಿ ಅಂದೆ." ತಮಾಷೆಗೆ ಹೇಳಿದರು, ಆದರೆ ಆ ಒಂದೇ ಪೆಟ್ಟಿಗೆಯನ್ನು ಅವರು ಬೆಳಿಗ್ಗೆಯಿಂದ ಎಷ್ಟು ಸಲ ನೋಡಿರಬಹುದೆಂದು ನನಗೆ ತಿಳಿಯಿತು.

ಚಹಾ ಕುಡಿಯದೆ ಬಿಡಲಿಲ್ಲ. ನಾನು ಕೈ ತೊಳೆಯಲು ಹೋದಾಗ ಅಣ್ಣ ನನ್ನ ಆಪಾಳ ವಿಷಯ ಹೇಳಿರಬೇಕು. ಹೊರಡುವಾಗ ಮುದುಕಿ ನನ್ನ ಕೈ ಹಿಡಿದುಕೊಂಡು ಸ್ವಲ್ಪ ಹೊತ್ತು ಬಿಡಲಿಲ್ಲ. ಆಮೇಲೆ ಮಾತು ಬದಲಿಸುವವರ ಹಾಗೆ, "ನಿಂಗೊಂದು ಕೆಲಸ ಮಗಾ. ಹೋಗ್ತಾ ಹಾಟ್ ಪ್ರೆಸ್ಸಿನ ಒಳಗಿರೋ ಇಮ್ಮರ್ಷನ್ ಆರಿಸಿಬಿಡು. ಬೆಳಿಗ್ಗೆಯಿಂದ ಉರೀತಿದೆ. ನಮ್ಮಮ್ಮ ಇದ್ದಿದ್ರೆ ನನ್ನ ಕೊಂದೇಬಿಡ್ತಿದ್ಲು," ಎಂದರು.

ಹಾಟ್ ಪ್ರೆಸ್ ಎಂದರೆ ಬಿಸಿನೀರಿನ ಸಿಲಿಂಡರ್ ಇರುವ ಕಪಾಟು, ಇಲ್ಲಿಯವರು ಅದರಲ್ಲೇ ಬಟ್ಟೆ ಬೆಚ್ಚಗಿಡುತ್ತಾರೆ. ನೀರು ಕಾಯಿಸುವ ರಾಡಿಗೆ ಈ ದೇಶದಲ್ಲೂ ಇಮ್ಮರ್ಷನ್ ಎಂದೇ ಹೆಸರು. ಬಾಗಿಲು ತೆರೆದೆ. ಒಗೆದ ಬಟ್ಟೆಯ ವಾಸನೆ, ಬೆಚ್ಚಗಿನ ಕತ್ತಲೆ, ಗೋಡೆಯ ಮೇಲೆ ಸ್ವಿಚ್, ಪಕ್ಕದಲ್ಲಿ ಕೆಂಪು ದೀಪ.

ನನ್ನ ಕೈ ಮೇಲೆ ಹೋಯಿತು. ಹೋಗಿ ಅಲ್ಲೇ ನಿಂತಿತು. ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ ಗೊತ್ತಿಲ್ಲ. ಆ ಕಾವಿಗೆ ಬೆರಳುಗಳಿಗೆ ಜೀವ ಬಂದು ತುದಿಗಳು ಕುಯ್ದ ಹಾಗೆ ನೋಯತೊಡಗಿದವು. ಸೋಮವಾರದಿಂದ ಮೊದಲ ಸಲ ಏನೋ ನೋಯುತ್ತಿತ್ತು. ಯಾರದೋ ಮನೆಯ ಟವೆಲ್ಲುಗಳ ನಡುವೆ ಮುಖವಿಟ್ಟು ನಾನು ಅತ್ತೆ. ಸದ್ದು ಬರಬಾರದೆಂದು ನೋಡಿಕೊಂಡೆ, ಆದರೂ ಬಂದಿರಬೇಕು. ಅಣ್ಣ ಬಂದು ಹಿಂದೆ ನಿಂತರು.

"ಅಣ್ಣಾ, ನಿನ್ನೆ ಆ ಹೀಟರ್ ಸ್ವಿಚ್ ಬಂದ್ ಮಾಡಿದ್ದು ನಾನಽ ರೀ," ಎಂದೆ. "ಬೇಕಂತ ಅಲ್ಲ. ಕೈ ತಾನಽ ಹೋತು. ನಿಮಗ ಬೈಯೂ ಮುಂದ ನಾ ಸುಮ್ಮನ ನಿಂತೆ."

"ಗೊತ್ತು ಭಾಯ್," ಎಂದರು.

ನಾನು ತಿರುಗಿ ನೋಡಿದೆ.

"ನೀವ್ ಬರೋಕ್ ಮುಂಚೇನೆ ನಾನು ಶೆಡ್ಡಿಗೆ ಹೋಗಿ ನೋಡಿದ್ದೆ. ಮುಳ್ಳು ಐದೂ ನಲವತ್ತಕ್ಕೆ ನಿಂತಿತ್ತು. ಆ ಹೊತ್ತಲ್ಲಿ ನೀವಲ್ದೆ ಇನ್ಯಾರು ಇರ್ತಾರೆ? ಹಂಗೇ ಎದ್ಬಿಟ್ರೆ ಯಾರಿಗೂ ಗೊತ್ತಾಗಲ್ಲ ಅಂತ ಸೆಲ್ಫ್ ಹೊಡೀತಿದ್ದೆ."

"ಮತ್ತ ಯಾಕ ಹೇಳಲಿಲ್ಲ ಮ್ಯಾನೇಜರಗ?"

ಅಣ್ಣ ಕಪಾಟಿನ ಬಾಗಿಲು ಸ್ವಲ್ಪ ಮುಂದೆ ಮಾಡಿದರು. "ಈ ವಾರ ನಿಮ್ ಮೇಲೆ ಇನ್ನೊಂದು ಯಾಕೆ ಹಾಕೋದು ಅಂತ. ಮುಖ ಒರೆಸ್ಕಳಿ, ಆಯಮ್ಮ ನೋಡ್ತಾ ಐತೆ."

ನಾನು ತೋಳಿನಿಂದ ಮುಖ ಒರೆಸಿಕೊಂಡೆ. ಕೈ ಇನ್ನೂ ಸ್ವಿಚ್ಚಿನ ಹತ್ತಿರವೇ ಇತ್ತು. "ಇದು ಬಂದ್ ಮಾಡಬಹುದ, ಅಣ್ಣಾ?"

"ಇದು ಮಾಡ್ಬೋದು ಭಾಯ್."

ಆರಿಸಿದೆ.

ಹಿಂದಿರುಗುವಾಗ ಹಿಮ ನಮ್ಮ ಹಿಂದೆಯೇ ಬಂತು. ಕನ್ನಡಿಯಲ್ಲಿ ರಸ್ತೆ ಅಳಿಸುತ್ತ ಬರುವುದು ಕಾಣುತ್ತಿತ್ತು. ಮುದುಕಿ ರಾತ್ರಿಯ ಮೆಷಿನ್ನಿಗೆ ಈಗಲೇ ಪೆಟ್ಟಿಗೆ ತೆರೆದಿಟ್ಟುಕೊಂಡಿರುತ್ತಾರೆ ಎಂದರು ಅಣ್ಣ. ಆ ರಸ್ತೆ ಮತ್ತೆ ತೆರೆದದ್ದು ಸೋಮವಾರ.

ಡಿಪೋ ಮುಟ್ಟಿದಾಗ ಐದು ಗಂಟೆ. ಮ್ಯಾನೇಜರ್ ಕೋಟು ಹಾಕಿಕೊಳ್ಳುತ್ತಿದ್ದ. ಪುಸ್ತಕ ತೆರೆದು, ಬೆಳಗಿನ ತಡದ ಕಾರಣ ಬರೆಯುವ ಕಡೆ, ಹಿಂದಿನ ಸಂಜೆ ಸ್ವಿಚ್ ಆರಿಸಿದ್ದು ಮೆಕ್ಯಾನಿಕ್ ಎಂದು ಬರೆದು ಸಹಿ ಹಾಕಿ ಅವನ ಮುಂದೆ ಇಟ್ಟೆ. ಟೈಮರಿನ ಮುಳ್ಳು ತಿರುಗಿಸಿದ್ದನ್ನೂ ಬಾಯಲ್ಲಿ ಹೇಳಿದೆ. ಅವನು ಎರಡು ಸಲ ಓದಿದ.

"ಬೆಳಿಗ್ಗೇನೇ ಹೇಳಬೇಕಿತ್ತು," ಎಂದ.

"ಹೌದು."

ಅವನು ಅಣ್ಣನ ಹತ್ತಿರ ಹೋಗಿ ಏನೋ ಹೇಳಿ ಕೈ ಕುಲುಕಿದ. ನನಗೆ ಅದಕ್ಕಿಂತ ಹೆಚ್ಚು ಬೈಯಲಿಲ್ಲ. ಆ ಸ್ವಿಚ್ಚಿಗೆ ಒಂದು ಮುಚ್ಚಳ ಹಾಕಿಸೋಣ, ಯಾರ ಕೈಯೂ ಹೋಗದ ಹಾಗೆ, ಎಂದ. ಹಾಕಿಸಿ ಎಂದೆ.

ಅಣ್ಣ ಲಾರಿಗೆ ಕೇಬಲ್ ಸಿಕ್ಕಿಸಿ ಮನೆಗೆ ಹೋದರು. ನಾನು ಶೆಡ್ ಮುಚ್ಚಲು ನಿಂತೆ. ಕಂಪ್ರೆಸರ್ ಆರಿಸಿದೆ, ಬೆಂಚಿನ ಪ್ಲಗ್ಗುಗಳನ್ನು ಆರಿಸಿದೆ, ದೀಪ ಆರಿಸಿದೆ. ಕತ್ತಲೆಯಲ್ಲಿ ಆ ಕೆಂಪು ಚುಕ್ಕೆ ಒಂದೇ ಉಳಿಯಿತು. ಎರಡೂ ಕೈಗಳನ್ನು ಜೇಬಿಗೆ ಹಾಕಿಕೊಂಡೆ. ಬಾಗಿಲ ತನಕ ಹೋಗಿ ಒಮ್ಮೆ ತಿರುಗಿ ನೋಡಿದೆ.

"ಇದೊಂದು ಚಾಲೂ ಬಿಟ್ಟ ಬಂದೀನಿ, ಆಪಾ," ಎಂದು ಹೇಳಿ ಬಾಗಿಲು ಎಳೆದುಕೊಂಡೆ.